ಮಿಲ್ವಾಕೀ ನಗರದ ಷ್ಲಿಟ್ಜ್ ಕಾರ್ಖಾನೆಯ ಏಳುಬೀಳು

ಬೀರಿನ ಕಾರ್ಖಾನೆಯೊಂದರ ಚರಿತ್ರೆಯನ್ನು ಓದಿ ಗೃಹಸ್ಥರು ಪಡೆಯತಕ್ಕುದೇನೆಂದು ವಾಚಕರು ಹುಬ್ಬು ಗಂಟಿಕ್ಕಬಹುದು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನಿಗಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಸುರೆಯನ್ನು ಹುಳಿಯಿಸುವ ಕಿಣ್ವವನ್ನು ಯಾವ ದ್ರವ್ಯಗಳಿಂದ ಮಾಡಬೇಕೆಂಬುದನ್ನೂ ಹೇಳಿರುವನು. ಆದುದರಿಂದ ಕುಡಿಯದವರೂ ಇದನ್ನು ತಿಳಿಯುವುದರಲ್ಲಿ ದೋಷವಿಲ್ಲವೆಂದು ನನ್ನ ಎಣಿಕೆ. ಒಂದು ಮನೆತನದವರು ನೂರು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಕಳೆದುಕೊಂಡ ಕಥೆಯಿದು.

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಮಿಷಿಗನ್ ಸರೋವರದ ತೀರದಲ್ಲಿರುವ ಮಿಲ್ವಾಕೀ ನಗರಕ್ಕೆ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಜರ್ಮನರು ತಂಡತಂಡವಾಗಿ ಬಂದು ನೆಲಸಿದರು. ತಮ್ಮೊಡನೆ 'ಲಾಗರ್' ಎಂಬ ಬೀರನ್ನು ಮಾಡುವ ವಿದ್ಯೆಯನ್ನೂ ತಂದರು. ಜವೆಗೋಧಿಯನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚುಮಾಡಿ ಬಿಸಿನೀರಿನಲ್ಲಿ ಕಲಸಿ, ಅದರ ಸಿಹಿರಸವನ್ನು ಬಸಿದು, ಹಾಪ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿದ ಮೇಲೆ ಯೀಸ್ಟ್ ಸೇರಿಸಿ ಹುಳಿಯಲು ಬಿಡುವರು. ಬಳಿಕ ಲಾಗರು ತಂಪಾದ ನೆಲಮಾಳಿಗೆಯಲ್ಲಿ ಬಹುಕಾಲ ನಿಂತು ಪಕ್ವವಾಗಬೇಕು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಉಗ್ರಾಣವೆಂದೇ ಅರ್ಥ. ತಂಪುಮಾಡುವ ಯಂತ್ರಗಳು ಬಳಕೆಗೆ ಬಾರದಿದ್ದ ಆ ಕಾಲದಲ್ಲಿ, ಚಳಿಗಾಲದ ಮಂಜುಗಡ್ಡೆಯನ್ನು ಕೊಯ್ದು ತುಂಬಿಡುವ ಸೌಕರ್ಯವು ಮಿಲ್ವಾಕಿಗೆ ಇದ್ದಿತು.

ಅಲ್ಲಿ 1849ರಲ್ಲಿ ಆಗಸ್ಟ್ ಕ್ರುಗ್ ಎಂಬವನು ಸಣ್ಣದೊಂದು ಕಾರ್ಖಾನೆಯನ್ನು ತೆರೆದನು. 1856ರಲ್ಲಿ ಅವನು ತೀರಿಕೊಳ್ಳಲು, ಅವನಲ್ಲಿ ಲೆಕ್ಕ ಬರೆಯುತ್ತಿದ್ದ ಜೋಸೆಫ್ ಷ್ಲಿಟ್ಜ್ ವ್ಯವಹಾರವನ್ನು ವಹಿಸಿಕೊಂಡು, ಎರಡು ವರ್ಷಗಳ ತರುವಾಯ ಕ್ರುಗನ ವಿಧವೆಯನ್ನು ವಿವಾಹವಾದನು. ಕಾರ್ಖಾನೆಗೆ ಅವನ ಹೆಸರೇ ಬಂದಿತು. 1871ರ ಅಕ್ಟೋಬರಿನಲ್ಲಿ ಷಿಕಾಗೋ ನಗರವು ಅಗ್ನಿಗೆ ಆಹುತಿಯಾಗಿ ಅಲ್ಲಿಯ ಬೀರ್ ಕಾರ್ಖಾನೆಗಳೂ ಅನೇಕ ಸುಟ್ಟುಹೋಗಲು, ಷ್ಲಿಟ್ಜನ ಪೀಪಾಯಿಗಳು ಅಲ್ಲಿಗೆ ಹೋದುವು. 'ಮಿಲ್ವಾಕಿಯನ್ನು ಪ್ರಸಿದ್ಧಗೊಳಿಸಿದ ಬೀರ್' ಎಂಬ ಬಿರುದು ಮುಂದೆ ಇದಕ್ಕೇ ಸಂದಿತು. 1875ರಲ್ಲಿ ಷ್ಲಿಟ್ಜನು ಜರ್ಮನಿಗೆ ಹೊರಟಿದ್ದ ಷಿಲ್ಲರ್ ಎಂಬ ಹಡಗು ಮೇ 7ರಂದು ಇಂಗ್ಲೆಂಡಿನ ಸಿಲಿ ದ್ವೀಪಗಳ ಬಳಿ ಕಾವಳದಲ್ಲಿ ಬಂಡೆಗೆ ತಾಗಿ ಒಡೆಯಿತು. 300ಕ್ಕೆ ಮಿಕ್ಕಿ ಜನರು ಮಡಿದರು. ಷ್ಲಿಟ್ಜನ ಶವವೂ ದೊರೆಯಲಿಲ್ಲ.

ಆ ಮೇಲೆ ಕ್ರುಗನ ಸೋದರಳಿಯಂದಿರಾದ ಈಲೈನ್ ಸಹೋದರರು ಹೆಸರನ್ನು ಬದಲಿಸದೆ ಕಾರ್ಖಾನೆಯನ್ನು ನಡೆಸಿ, 1902ರ ವೇಳೆಗೆ ವರ್ಷಕ್ಕೆ 10 ಲಕ್ಷ ಪೀಪಾಯಿಗೆ ಮೀರಿ ತಯಾರಿಸಿ ದೇಶದಲ್ಲಿ ಅಗ್ರಸ್ಥಾನವನ್ನು ಪಡೆದರು. 1920ರಿಂದ 1933ರವರೆಗಿನ ಪಾನನಿರೋಧದ ಕಾಲದಲ್ಲಿ ಮಾಲ್ಟ್ ಪಾಕವನ್ನು ಮಾರಿದರು. ಚಾಕೊಲೇಟನ್ನೂ ಮಾಡಿನೋಡಿದರು, ಅದು ನಡೆಯಲಿಲ್ಲ. 1953ರಲ್ಲಿ ಮಿಲ್ವಾಕಿಯ ಕಾರ್ಖಾನೆಗಳಲ್ಲಿ 76 ದಿನಗಳ ಮುಷ್ಕರವಾಯಿತು. ಕೆಲವು ವರ್ಷಗಳಲ್ಲಿ ಸೇಂಟ್ ಲೂಯಿಯ ಆನ್‌ಹೈಸರ್-ಬುಷ್ ಕಂಪೆನಿಯು ಷ್ಲಿಟ್ಜನ್ನು ಹಿಂದಿಕ್ಕಿತು.

ಇಷ್ಟಾದರೂ ಎರಡನೆಯ ಸ್ಥಾನವು ಅಲ್ಪವಾದುದೇನೂ ಅಲ್ಲ. ಒಡೆಯರಿಗೆ ಅದು ಸಾಲದೆ ಹೋಯಿತು. ವೆಚ್ಚ ತಗ್ಗಲೆಂದು ಜವೆಯ ಮಾಲ್ಟಿನ ಒಂದು ಭಾಗಕ್ಕೆ ಬದಲಾಗಿ ಮುಸುಕಿನ ಜೋಳದ ಪಾಕವನ್ನು ಬೆರಸಿದರು; ಹುಳಿಯುವ ಅವಧಿಯನ್ನು ಮೊಟಕುಮಾಡಿದರು. ಹೀಗೆ ಅವಸರದಲ್ಲಿ ಮಾಡಿದ ಬೀರು ಮಬ್ಬುಗಟ್ಟದಿರಲು ಸಿಲಿಕಾ ಜೆಲ್ ಎಂಬ ವಸ್ತುವನ್ನು ಹಾಕುತ್ತಿದ್ದರು. 1976ರಲ್ಲಿ, ಕೂಡಿಸಿದ ವಸ್ತುಗಳನ್ನೆಲ್ಲ ಸೀಸೆಯ ಚೀಟಿಯಲ್ಲಿ ಬರೆಯಬೇಕೆಂದು ಸರ್ಕಾರವು ಕಟ್ಟುಮಾಡೀತೆಂಬ ಭಯದಿಂದ, ಸೋಸಿ ತೆಗೆಯಬಹುದಾದ ಬೇರೊಂದು ವಸ್ತುವನ್ನು ಹಿಡಿದರು. ಅದು ನೊರೆ ನಿಲ್ಲಲೆಂದು ಹಾಕುತ್ತಿದ್ದ ಮತ್ತೊಂದು ದ್ರವ್ಯದೊಡನೆ ಕೂಡಿ, ಸೀಸೆಯಲ್ಲಿ ಬಿಳಿಯ ಹಕ್ಕಳೆಗಳಾಗಿ ತೇಲಿತು. ಮರೆಮಾಡುವುದಕ್ಕಾಗಿ ಕೈಗೊಂಡ ಉಪಾಯವೇ ಎಲ್ಲರ ಕಣ್ಣಿಗೂ ಬಿದ್ದಿತು! ಸುಮಾರು 1 ಕೋಟಿ ಸೀಸೆ-ಡಬ್ಬಿಗಳನ್ನು ಸದ್ದಿಲ್ಲದೆ ಹಿಂದಕ್ಕೆ ತರಿಸಬೇಕಾಯಿತು. ರುಚಿ ಕೆಟ್ಟಿತೆಂದು ಮೊದಲೇ ಗೊಣಗುತ್ತಿದ್ದ ಹಳೆಯ ಗಿರಾಕಿಗಳು ಬಿಟ್ಟುಹೋದರು.

1981ರಲ್ಲಿ ನೌಕರರು ಮುಷ್ಕರ ಹೂಡಿರುವಾಗಲೇ ಮಿಲ್ವಾಕಿಯ ಕಾರ್ಖಾನೆಯನ್ನು ಮುಚ್ಚಿದರು. ಮರುವರ್ಷ ಡೆಟ್ರಾಯಿಟಿನ ಸ್ಟ್ರೋ ಮನೆತನದವರು ಕಂಪೆನಿಯನ್ನೇ ಕೊಂಡರು. 1999ರಲ್ಲಿ ಹೆಸರು ಪಾಬ್ಸ್ಟ್ ಕಂಪೆನಿಗೆ ಸೇರಿತು. ಹಲವು ಕಟ್ಟಡಗಳು ಕಚೇರಿಗಳಾದುವು. 2008ರಲ್ಲಿ ಪಾಬ್ಸ್ಟಿನವರು ಹಳೆಯ ರುಚಿಯ ಷ್ಲಿಟ್ಜನ್ನು ಮತ್ತೆ ಮಾರಲು ಬಯಸಿದಾಗ, ಅದರ ಪಾಕಕ್ರಮದ ಬರಹವೇ ಉಳಿದಿರಲಿಲ್ಲ. ಹಿಂದೆ ಅಲ್ಲಿ ಕೆಲಸಮಾಡಿ ಮುದುಕರಾಗಿದ್ದ ಪಾಕತಜ್ಞರನ್ನು ಹುಡುಕಿಕೊಂಡು ಹೋಗಿ, ಅವರ ನೆನಪಿನಿಂದ ಕೇಳಿ ಬರೆದುಕೊಳ್ಳಬೇಕಾಯಿತು.