ಒಂಟಿ ಪೈರು ಕಡಲು ದಾಟಿದ್ದು

ಭತ್ತದ ನಾಟಿಗೆ ಇಳಿದವರನ್ನು ಕೇಳಿ ನೋಡಿ, ಎಳೆ ಪೈರು ಕಿತ್ತು ನೆಡಲು ಸುಲಭಕ್ಕೆ ಒಪ್ಪುವುದಿಲ್ಲ. ಒಟ್ಲಿನಲ್ಲಿ 25-30 ದಿನ ಬಲಿತ ಪೈರನ್ನು ಮೂರು ನಾಲ್ಕು ಸೇರಿಸಿ ಹಿಡಿದು, ನೀರು ನಿಂತ ಕೆಸರಿಗೆ ಒತ್ತುವುದು ರೂಢಿ. ಒಂದು ಹೋದರೂ ಇನ್ನೊಂದು ಉಳಿಯಲಿ ಎಂಬ ಎಚ್ಚರ ಅದು. ಮಡಗಾಸ್ಕರ್ ದ್ವೀಪದಲ್ಲೂ ಬಹುತೇಕ ರೈತರು ಹೀಗೇ ನೆಡುತ್ತಿದ್ದರು.

1961ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿನ ಜೆಸ್ವಿಟ್ ಪಾದ್ರಿ ಆನ್ರಿ ದ ಲೊಲಾನಿಯೆ ಕೃಷಿ ಓದಿದವರು. ರೈತರ ಗದ್ದೆಗಳನ್ನು ಕಣ್ಣಿಟ್ಟು ನೋಡಿದರು. ಒಂದು ಕಡೆ ಕೆಲವರು ಗುಣಿಗೆ ಒಂದೇ ಪೈರು ನೆಡುತ್ತಿದ್ದರು. ಇನ್ನೊಂದು ಕಡೆ ಗದ್ದೆಯಲ್ಲಿ ಸದಾ ನೀರು ನಿಲ್ಲಿಸುತ್ತಿರಲಿಲ್ಲ. ಎರಡನ್ನೂ ಅವರು ಆ ರೈತರಿಂದಲೇ ಕಲಿತರು. ಮೂರನೆಯದನ್ನು ಕಾಲವೇ ಕಲಿಸಿತು. 1983ರಲ್ಲಿ ಆಂಟ್ಸಿರಾಬೆಯ ಯುವ ರೈತರ ಶಾಲೆಯಲ್ಲಿ ಲೆಕ್ಕ ತಪ್ಪಿ, 15 ದಿನದ ಎಳೆ ಪೈರನ್ನೇ ನೆಡಬೇಕಾಯಿತು. ಗೇಣು ಬಿಟ್ಟು ಗೇಣಿಗೆ ಒಂದೊಂದೇ ಎಸಳು. ಮೊದಮೊದಲು ಆ ಗದ್ದೆ ನೋಡಿದವರಿಗೆ ಮನಸ್ಸು ಕುಗ್ಗಿತು. ಆಮೇಲೆ ತೆಂಡೆ ಒಡೆಯತೊಡಗಿತು. ಒಂದೇ ಬುಡದಲ್ಲಿ ಇಪ್ಪತ್ತಕ್ಕೂ ಹೆಚ್ಚು!

ಯಾಕೆ ಹೀಗಾಯಿತು? ಉತ್ತರ ಸಿಕ್ಕಿದ್ದು ಕೆಲವು ವರ್ಷಗಳ ನಂತರ, ಒಂದು ಫ್ರೆಂಚ್ ಪುಸ್ತಕದಲ್ಲಿ. ಜಪಾನಿನ ವಿಜ್ಞಾನಿ ಕತಾಯಾಮಾ ಎಷ್ಟೋ ಮೊದಲೇ ಭತ್ತದ ತೆಂಡೆಗಳನ್ನು ಎಣಿಸಿ, ಗಿಡ ಒಂದು ತಾಳಕ್ಕೆ ಸರಿಯಾಗಿ ಕವಲೊಡೆಯುತ್ತದೆ ಎಂದು ಗುರುತಿಸಿದ್ದರು. ನಾಲ್ಕನೇ ಎಲೆ ಬರುವ ಮೊದಲೇ, ಬೇರಿಗೆ ಪೆಟ್ಟಾಗದಂತೆ ನೆಟ್ಟರೆ ಆ ತಾಳ ತಪ್ಪುವುದಿಲ್ಲ. ಜಪಾನಿನ ಎಣಿಕೆ, ಮಡಗಾಸ್ಕರಿನ ರೈತರ ಕೈಚಳಕ, ಫ್ರಾನ್ಸಿನ ಪಾದ್ರಿಯ ತಾಳ್ಮೆ ಇಲ್ಲಿ ಒಂದಾದವು. ಇದಕ್ಕೆ ಪೇಟೆಂಟ್ ಇಲ್ಲ, ಮಾರುವ ಬೀಜವೂ ಇಲ್ಲ.

ಇಷ್ಟಾದರೂ ಈ ಪದ್ಧತಿ ದ್ವೀಪ ಬಿಟ್ಟು ಹೊರಡಲು 16 ವರ್ಷ ಹಿಡಿಯಿತು. ಈ ವಿಳಂಬ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1990ರಲ್ಲಿ ಲೊಲಾನಿಯೆ ಮಲಗಾಸಿ ಗೆಳೆಯರೊಂದಿಗೆ ತೆಫಿ ಸೈನಾ ಎಂಬ ಸಂಸ್ಥೆ ಕಟ್ಟಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಅವರ ಕಿವಿಗೂ ಸುದ್ದಿ ಬಿತ್ತು. ಅವರು ತಟ್ಟನೆ ನಂಬಲಿಲ್ಲ. ರಾನೊಮಫಾನ ಕಾಡಿನಂಚಿನಲ್ಲಿ ಹೆಕ್ಟೇರಿಗೆ 2 ಟನ್ ಬೆಳೆಯುತ್ತಿದ್ದ ರೈತರು ಈ ಪದ್ಧತಿಯಲ್ಲಿ ಸರಾಸರಿ 8 ಟನ್ ಬೆಳೆದದ್ದನ್ನು ಮೂರು ಹಂಗಾಮು ನೋಡಿದ ಮೇಲೆಯೇ ಅವರು ಜಗತ್ತಿಗೆಲ್ಲ ಹೇಳತೊಡಗಿದರು. ಅಷ್ಟರಲ್ಲಿ, 1995ರಲ್ಲಿ, ಲೊಲಾನಿಯೆ ತೀರಿಕೊಂಡಿದ್ದರು. 1999ರಲ್ಲಿ ಚೀನಾದ ನಾನ್‌ಜಿಂಗ್ ಕೃಷಿ ವಿಶ್ವವಿದ್ಯಾಲಯ ಇದನ್ನು ನೆಟ್ಟು ನೋಡಿತು. ಆಮೇಲೆ ಇಂಡೊನೇಷ್ಯಾ, ತಮಿಳುನಾಡು, ಆಂಧ್ರ. ಕನ್ನಡಕ್ಕೆ ಬಂದಾಗ ಇದರ ಹೆಸರು 'ಶ್ರೀ ಪದ್ಧತಿ'. ಭಾರೀ ಇಳುವರಿಯ ಲೆಕ್ಕಗಳನ್ನು ಹಲವು ವಿಜ್ಞಾನಿಗಳು ಕಟುವಾಗಿ ಪ್ರಶ್ನಿಸಿದರು, ಆ ವಾದ ಪೂರ್ತಿ ಮುಗಿದಿಲ್ಲ. ನೀರಿನ ಉಳಿತಾಯ ಮಾತ್ರ ಊರೂರಿನ ಗದ್ದೆಗಳಲ್ಲಿ ಕಣ್ಣಿಗೆ ಕಂಡಿತು.

ಈ ಪದ್ಧತಿಗೂ ಹವಾಮಾನ ಬದಲಾವಣೆಗೂ ನಂಟು ಇರುವುದು ಆ ನೀರಿನಲ್ಲೇ. ನೀರು ನಿಂತ ಗದ್ದೆಗೆ ಕಾಲಿಟ್ಟಾಗ ಹಿಮ್ಮಡಿಯ ಪಕ್ಕ ಗುಳುಗುಳು ಗುಳ್ಳೆ ಏಳುತ್ತವಲ್ಲ, ಅದರಲ್ಲಿ ಮೀಥೇನ್ ಇರುತ್ತದೆ. ಗಾಳಿಯಾಡದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಕೊಳೆತದ್ದನ್ನು ತಿಂದು ಅದನ್ನು ಬಿಡುತ್ತವೆ. ಹೆಚ್ಚಿನ ಪಾಲು ಭತ್ತದ ಟೊಳ್ಳು ಕಾಂಡದೊಳಗಿಂದಲೇ ಮೇಲೇರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ನಡುನಡುವೆ ನೀರು ಬಸಿದು, ಮಣ್ಣು ಕೂದಲೆಳೆಯಷ್ಟು ಬಿರುಕು ಬಿಡುವ ತನಕ ಒಣಗಿಸಿದರೆ ಮೀಥೇನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಒಣಗಿಸಿದಾಗ ನೈಟ್ರಸ್ ಆಕ್ಸೈಡ್ ಸ್ವಲ್ಪ ಏರಬಹುದು, ಆದ್ದರಿಂದ ಯೂರಿಯಾ ಹಾಕುವಾಗ ಕೈ ಬಿಗಿಹಿಡಿಯಬೇಕು.

ಇಂದು 50ಕ್ಕೂ ಹೆಚ್ಚು ದೇಶಗಳ ರೈತರು ಇದನ್ನು ತಮ್ಮ ಮಣ್ಣಿಗೆ ಹೊಂದಿಸಿಕೊಂಡಿದ್ದಾರೆ. ನಮ್ಮ ನಾಲೆಯ ಬಯಲುಗಳಲ್ಲಿ ಇದು ಮುಂದೆ ಸಾಗದೆ ನಿಂತಿರುವುದು ನೀರಿನ ಸರದಿಯ ಕಾರಣಕ್ಕೆ. ನಾಲೆಯ ನೀರನ್ನು ಸರದಿಯಂತೆ ಬಿಡುವ ಕಟ್ಟು ಪದ್ಧತಿಯಲ್ಲಿ ನೀರು ಬಂದ ದಿನ ತೂಬು ತೆಗೆದು ಗದ್ದೆ ತುಂಬಿಸಿಕೊಳ್ಳದ ರೈತನಿಲ್ಲ. ಮುಂದಿನ ಸರದಿ ಹೇಳಿದ ದಿನಕ್ಕೇ ಬರುತ್ತದೆಂದು ಅವನಿಗೆ ಯಾರೂ ಮಾತು ಕೊಟ್ಟಿಲ್ಲ.