ಸದ್ದಡಗಿಸಿದ ಮ್ಯಾಕ್ಸಿಮ್, 200 ಡಾಲರಿನ ಚೀಟಿ

ಕಿವಿ ಕಿವುಡಾಗುವಂಥ ಸದ್ದು ಮಾಡುವ ಬಂದೂಕನ್ನು ಕಂಡುಹಿಡಿದವನು ಅಪ್ಪ. ಬಂದೂಕಿನ ಬಾಯಿ ಕಟ್ಟುವ ಕೊಳವೆಯನ್ನು ಕಂಡುಹಿಡಿದವನು ಮಗ. ಅಪ್ಪ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಅಮೆರಿಕದ ಮೇನ್ ರಾಜ್ಯದವನು. ಗುಂಡು ಹಾರುವಾಗ ಬಂದೂಕು ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತದ ಬಲದಿಂದಲೇ ಮುಂದಿನ ಗುಂಡನ್ನು ತುಂಬಿ ಹಾರಿಸುವ ಮೆಷಿನ್‌ಗನ್ನನ್ನು 1884ರಲ್ಲಿ ಲಂಡನ್ನಿನಲ್ಲಿ ಮಾಡಿದ. ಆಫ್ರಿಕಾದಲ್ಲಿ ಬ್ರಿಟಿಷರಿಗೆ ನೆಲ ಗೆದ್ದುಕೊಟ್ಟದ್ದು ಈ ಬಂದೂಕು. ಅವನಿಗೆ ‘ಸರ್’ ಪದವಿ ಸಿಕ್ಕಿತು, ಜೊತೆಗೆ ಕಿವಿಯೂ ಹೋಯಿತು. ವರ್ಷಗಟ್ಟಲೆ ತನ್ನದೇ ಬಂದೂಕುಗಳ ಪಕ್ಕ ನಿಂತು ಪರೀಕ್ಷೆ ಮಾಡಿದ್ದಕ್ಕೆ ಅವನು ತೆತ್ತ ಬೆಲೆ ಅದು.

ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ ಹುಟ್ಟಿದ್ದು 1869ರಲ್ಲಿ, ಬ್ರೂಕ್ಲಿನ್ನಿನಲ್ಲಿ. 1881ರಲ್ಲಿ ಯುರೋಪಿಗೆ ಹೋದ ಅಪ್ಪ ಮತ್ತೆ ಆ ಸಂಸಾರದ ಜೊತೆ ಬಾಳಲಿಲ್ಲ. ಹುಡುಗ ತನ್ನ ದಾರಿ ತಾನೇ ನೋಡಿಕೊಂಡ. ಎಂಐಟಿಯಲ್ಲಿ ಓದಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನಲ್ಲಿ ಸೈಕಲ್ಲಿಗೆ ಹೆಸರಾದ ಪೋಪ್ ಕಂಪನಿ ಸೇರಿ, ಅದರ ಮೋಟಾರು ಗಾಡಿಗಳ ಎಂಜಿನಿಯರ್ ಆದ. ಗುರಿ ಹೊಡೆಯುವುದು ಅವನ ಹವ್ಯಾಸ. ಮನೆಯ ಹತ್ತಿರ ಬಂದೂಕು ಎತ್ತಿದರೆ ನೆರೆಹೊರೆಗೆ ತೊಂದರೆ. ಸದ್ದಿಲ್ಲದೆ ಗುರಿ ಹೊಡೆಯಲು ಬಾರದೇ ಎಂಬುದಷ್ಟೇ ಅವನ ಪ್ರಶ್ನೆ. ಕೊಲೆ, ಕಳ್ಳತನ, ಗೂಢಚಾರಿಕೆ ಯಾವುದೂ ಅವನ ತಲೆಯಲ್ಲಿರಲಿಲ್ಲ.

ಬಂದೂಕಿನ ಸದ್ದು ಎಲ್ಲಿಂದ ಬರುತ್ತದೆ? ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲ ನಳಿಗೆಯೊಳಗೆ ಭಾರೀ ಒತ್ತಡದಲ್ಲಿ ಸಿಕ್ಕಿಕೊಂಡಿರುತ್ತದೆ. ಗುಂಡು ಬಾಯಿ ದಾಟಿದ ಕ್ಷಣ ಆ ಅನಿಲ ಒಮ್ಮೆಲೇ ಹೊರನುಗ್ಗಿ ಸುತ್ತಲಿನ ಗಾಳಿಗೆ ಅಪ್ಪಳಿಸುತ್ತದೆ. ‘ಢಂ’ ಎನ್ನುವುದು ಅದೇ. ಹಾಗಾದರೆ ಗುಂಡನ್ನು ಹೋಗಲು ಬಿಟ್ಟು ಅನಿಲವನ್ನು ಮಾತ್ರ ತಡೆಯಬೇಕು. ಪರ್ಸಿ ಮೊದಲು ಯೋಚಿಸಿದ್ದು ಗುಂಡು ಹೊರಬಿದ್ದ ಕೂಡಲೇ ನಳಿಗೆಯ ಬಾಯಿ ಮುಚ್ಚುವ ಕವಾಟವನ್ನು. 1908ರಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು. ಆದರೆ ಕಣ್ಣೆವೆ ಮುಚ್ಚುವುದರೊಳಗೆ ಮುಗಿದುಹೋಗುವ ಕೆಲಸಕ್ಕೆ, ಅಷ್ಟು ಬಿಸಿಯಲ್ಲಿ, ಅಷ್ಟು ಒತ್ತಡದಲ್ಲಿ, ಕದ ಹಾಕುವುದು ನೆಚ್ಚುವ ಉಪಾಯವಾಗಿರಲಿಲ್ಲ.

ದಾರಿ ತೋರಿಸಿದ್ದು ಬಚ್ಚಲುಮನೆ. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ತೊಟ್ಟಿಯ ನೀರು ಬಿಟ್ಟಾಗ, ಅದು ನೇರವಾಗಿ ಧುಮುಕದೆ ಸುಳಿಸುಳಿಯಾಗಿ ಸುತ್ತುತ್ತ ನಿಧಾನಕ್ಕೆ ಇಳಿಯುತ್ತಿದ್ದುದನ್ನು ಕಂಡೆ ಎಂದು ಪರ್ಸಿ ಮುಂದೆ ಹೇಳಿಕೊಂಡಿದ್ದಾನೆ. ನೀರು ಸುತ್ತಿದಷ್ಟೂ ತಡವಾಗಿ ಹೊರಹೋಗುತ್ತದೆ. ಅನಿಲವನ್ನೂ ಹಾಗೆ ಸುತ್ತಿಸಿದರೆ? ತಡೆದು ನಿಲ್ಲಿಸುವ ಗೋಜೇ ಬೇಡ, ದಾರಿ ಬಳಸು ಮಾಡಿದರೆ ಸಾಕು. ನಳಿಗೆಯ ತುದಿಗೆ ಒಂದು ಕೊಳವೆ, ಅದರೊಳಗೆ ಸಾಲಾಗಿ ತೂತಿರುವ ಬಿಲ್ಲೆಗಳು. ಇದೇ ಸೈಲೆನ್ಸರ್. ಗುಂಡು ತೂತುಗಳ ಮೂಲಕ ನೇರ ಹೊರಟುಹೋಗುತ್ತದೆ. ಅನಿಲ ಬಿಲ್ಲೆಬಿಲ್ಲೆಗೂ ತಗುಲಿ, ಸುಳಿದು, ಹಿಗ್ಗಿ, ತಣಿದು, ಸುಸ್ತಾಗಿ ಹೊರಬರುತ್ತದೆ. 1909ರ ಮಾರ್ಚ್ 30ರಂದು 916,885ನೆಯ ಪೇಟೆಂಟ್ ಅವನ ಕೈಸೇರಿತು.

ಸಿನಿಮಾದಲ್ಲಿ ಕೇಳುವ ‘ಪಿಸ್’ ಎಂಬ ಸದ್ದು ಸುಳ್ಳು. ರೈಫಲಿನ ಸದ್ದು ಸುಮಾರು 160 ಡೆಸಿಬೆಲ್. ಒಳ್ಳೆಯ ಸೈಲೆನ್ಸರ್ ಅದನ್ನು 130ರ ಹತ್ತಿರಕ್ಕೆ ಇಳಿಸೀತು, ಅಷ್ಟೆ. ಗುಂಡು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 343 ಮೀಟರನ್ನು ಮೀರಿ ಹೋಗುತ್ತಿದ್ದರೆ ದಾರಿಯುದ್ದಕ್ಕೂ ಗಾಳಿ ಸೀಳುವ ಚಟಾರ್ ಸದ್ದು ಇದ್ದೇ ಇರುತ್ತದೆ. ಅದಕ್ಕೆ ಯಾವ ಕೊಳವೆಯೂ ಮದ್ದಲ್ಲ. ಉಳಿಯುವುದು ಹೊಡೆಯುವವನ ಕಿವಿ ಮತ್ತು ನೆರೆಯವರ ನೆಮ್ಮದಿ. ಫಿನ್ಲೆಂಡ್, ನಾರ್ವೆಗಳ ಬೇಟೆಗಾರರು ಇದನ್ನು ಮಾಮೂಲಿ ಸಲಕರಣೆಯಂತೆ ಬಳಸುವುದು ಈ ಕಾರಣಕ್ಕೇ.

ಪರ್ಸಿಯ ಕಂಪನಿ ಸೈಲೆನ್ಸರನ್ನು ಅಂಚೆಯಲ್ಲಿ ಕಳಿಸುತ್ತಿತ್ತು. ಪತ್ರಿಕೆಯ ಜಾಹೀರಾತು ನೋಡಿ ದುಡ್ಡು ಕಳಿಸಿದರೆ ಮನೆಬಾಗಿಲಿಗೆ ಬರುತ್ತಿತ್ತು. ಪರವಾನಗಿಯ ಮಾತಿಲ್ಲ. ಅಧ್ಯಕ್ಷ ಪದವಿ ಮುಗಿಸಿದ್ದ ಥಿಯೋಡರ್ ರೂಸ್‌ವೆಲ್ಟ್ ತನ್ನ ವಿಂಚೆಸ್ಟರ್ ರೈಫಲಿಗೆ ಒಂದನ್ನು ಹಾಕಿಸಿಕೊಂಡಿದ್ದ. ಆಯ್‌ಸ್ಟರ್ ಬೇಯ ಮನೆಯ ಸುತ್ತ ಸಣ್ಣ ಪ್ರಾಣಿಗಳನ್ನು ಹೊಡೆಯುವಾಗ ನೆರೆಯ ಶ್ರೀಮಂತರಿಗೆ ನಿದ್ದೆಗೆಡದಿರಲಿ ಎಂದು.

ಆದರೆ ಸದ್ದಿಲ್ಲದ ಬಂದೂಕು ಎಂದೊಡನೆ ಜನರಿಗೆ ಕಾಣುವುದು ಕತ್ತಲಲ್ಲಿ ನಿಂತ ಕೊಲೆಗಡುಕ. ಕೆಲವು ರಾಜ್ಯಗಳು ಬೇಗನೆ ನಿಷೇಧ ಹೇರಿದವು. ಅಷ್ಟರಲ್ಲಿ ಪಾನನಿಷೇಧದ ಕಾಲ ಬಂತು, ಕಳ್ಳಸಾರಾಯಿ ದೊರೆಗಳು ಬೀದಿಗಿಳಿದರು. 1929ರ ಫೆಬ್ರುವರಿ 14ರಂದು ಷಿಕಾಗೋದ ಗ್ಯಾರೇಜೊಂದರಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದರು. ಅಲ್ಲಿ ಕೇಳಿಸಿದ್ದು ಮೆಷಿನ್‌ಗನ್ನು ಮತ್ತು ಷಾಟ್‌ಗನ್ನಿನ ಆರ್ಭಟವೇ ಹೊರತು ಸೈಲೆನ್ಸರ್ ಅಲ್ಲ. ಆದರೂ 1934ರ ಜೂನ್ 26ರಂದು ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್ ಬಂದಾಗ ಮೆಷಿನ್‌ಗನ್ನು, ಮೋಟು ನಳಿಗೆಯ ರೈಫಲ್ ಮತ್ತು ಷಾಟ್‌ಗನ್ನುಗಳ ಪಕ್ಕದಲ್ಲೇ ಸೈಲೆನ್ಸರನ್ನೂ ಕೂರಿಸಲಾಯಿತು. ಸಂಸತ್ತಿನ ಚರ್ಚೆಯ ದಾಖಲೆ ತಿರುವಿದರೆ ಏಕೆ ಎಂಬುದಕ್ಕೆ ಸರಿಯಾದ ಉತ್ತರವೇ ಸಿಗುವುದಿಲ್ಲ.

ಇಲ್ಲಿಂದ ಎರಡನೆಯ ಆವಿಷ್ಕಾರ ಶುರು. ಇದು ವಕೀಲರದು. ಬಂದೂಕನ್ನು ನೇರವಾಗಿ ನಿಷೇಧಿಸಲು ಕೇಂದ್ರ ಸರ್ಕಾರಕ್ಕೆ ಸಂವಿಧಾನದಲ್ಲಿ ಅಧಿಕಾರ ಇದೆಯೇ ಎಂಬ ಅನುಮಾನ ಆಗಿನ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್‌ಗೆ ಇತ್ತು. ತೆರಿಗೆ ಹಾಕುವ ಅಧಿಕಾರವಂತೂ ನಿಸ್ಸಂದೇಹ. ಹಾಗಾಗಿ ಸೈಲೆನ್ಸರ್ ಒಬ್ಬರಿಂದ ಒಬ್ಬರಿಗೆ ದಾಟುವಾಗಲೆಲ್ಲ 200 ಡಾಲರ್ ತೆರಿಗೆ, ಜೊತೆಗೆ ನೋಂದಣಿ. 1934ರ 200 ಡಾಲರ್ ಎಂದರೆ ಇಂದಿನ ಲೆಕ್ಕದಲ್ಲಿ 4,000ಕ್ಕೂ ಮಿಕ್ಕ ಹಣ, ಸೈಲೆನ್ಸರಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಪರ್ಸಿ ಅನಿಲಕ್ಕೆ ಮಾಡಿದ್ದನ್ನೇ ಕಾನೂನು ಕೊಳ್ಳುವವನಿಗೆ ಮಾಡಿತು: ತಡೆಯಲಿಲ್ಲ, ದಾರಿ ಬಳಸು ಮಾಡಿತು. ಇದು ತೆರಿಗೆಯ ವೇಷದ ನಿಷೇಧ ಎಂದು ವ್ಯಾಪಾರಿಯೊಬ್ಬ ತಕರಾರು ತೆಗೆದ. ನಿಯಂತ್ರಣದ ಪರಿಣಾಮ ಇದೆ ಎಂದಮಾತ್ರಕ್ಕೆ ತೆರಿಗೆ ತೆರಿಗೆಯಲ್ಲದೆ ಹೋಗುವುದಿಲ್ಲ ಎಂದು 1937ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

1934ರ ಮಸೂದೆಯಲ್ಲಿ ಮೊದಲು ಪಿಸ್ತೂಲೂ ಇತ್ತು. ಉದ್ದ ಬಂದೂಕಿನ ನಳಿಗೆ ಕತ್ತರಿಸಿ ಪಿಸ್ತೂಲಿನಂತೆ ಬಳಸಿಯಾರೆಂದು ಮೋಟು ನಳಿಗೆಯ ಕಲಮು ಸೇರಿಸಿದರು. ವಿರೋಧ ಬಂದು ಪಿಸ್ತೂಲನ್ನು ಕೈಬಿಟ್ಟರೂ ಮೋಟು ನಳಿಗೆಯ ಕಲಮು ಹಾಗೆಯೇ ಉಳಿಯಿತು. ಇವತ್ತಿಗೂ ರೈಫಲಿನ ನಳಿಗೆ 16 ಇಂಚಿಗೆ ಕಡಿಮೆಯಾದರೆ, ಷಾಟ್‌ಗನ್ನಿನದು 18 ಇಂಚಿಗೆ ಕಡಿಮೆಯಾದರೆ ಬೇರೆಯದೇ ಕಾನೂನು.

ಈಗ ಸೈಲೆನ್ಸರ್ ಕೊಳ್ಳುವ ಕ್ರಮ ನೋಡಿ. ಗಿರಾಕಿ ವಿಶೇಷ ಪರವಾನಗಿಯ ಅಂಗಡಿಗೆ ಹೋಗಿ ಪೂರಾ ದುಡ್ಡು ಕಟ್ಟುತ್ತಾನೆ. ಎಟಿಎಫ್ ಎಂಬ ಕೇಂದ್ರ ಇಲಾಖೆಯ ‘ಫಾರಂ 4’ ತುಂಬುತ್ತಾನೆ. ಫೋಟೊ, ಹತ್ತೂ ಬೆರಳಿನ ಗುರುತು, ಊರಿನ ಪೊಲೀಸ್ ಮುಖ್ಯಸ್ಥರಿಗೆ ಒಂದು ಪ್ರತಿ. ಪೂರ್ವಾಪರ ವಿಚಾರಣೆ ಮುಗಿದು ಮಂಜೂರಾತಿ ಬರುವತನಕ ದುಡ್ಡು ಕೊಟ್ಟ ಮಾಲು ಅಂಗಡಿಯ ತಿಜೋರಿಯಲ್ಲೇ. ಕಾಗದದ ಕಾಲದಲ್ಲಿ ಎಂಟು ಹತ್ತು ತಿಂಗಳು ಕಾದವರಿದ್ದಾರೆ. ಅರ್ಜಿ ಆನ್‌ಲೈನ್ ಆಗಿ, 2024ರ ಹೊತ್ತಿಗೆ ಅನೇಕರಿಗೆ ದಿನಗಳಲ್ಲೇ ಸಿಗತೊಡಗಿತು. ಹೀಗೆ ಬರುವ ‘ಟ್ಯಾಕ್ಸ್ ಸ್ಟಾಂಪ್’ ಮಾಲೀಕನ ಆಧಾರ. ನೋಂದಣಿ ಇಲ್ಲದೆ ಸಿಕ್ಕಿಬಿದ್ದರೆ ಹತ್ತು ವರ್ಷದವರೆಗೆ ಜೈಲು. ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ಸೇರಿ ಎಂಟು ರಾಜ್ಯಗಳಲ್ಲಿ ಸಾಮಾನ್ಯರಿಗೆ ಸೈಲೆನ್ಸರ್ ಇಲ್ಲವೇ ಇಲ್ಲ. ಮೆಷಿನ್‌ಗನ್ನಿನ ಕತೆ ಬೇರೆ: 1986ರ ಮೇ 19ರ ನಂತರ ಸಾಮಾನ್ಯರ ಹೆಸರಿಗೆ ಹೊಸದೊಂದನ್ನೂ ನೋಂದಾಯಿಸುವಂತಿಲ್ಲ. ಹಳೆಯವೇ ಕೈಯಿಂದ ಕೈಗೆ ದಾಟುತ್ತ ಹತ್ತಾರು ಸಾವಿರ ಡಾಲರ್ ಬೆಲೆ ಬಾಳುತ್ತಿವೆ.

ಪರ್ಸಿ ಈ ಯಾವುದಕ್ಕೂ ಅಂಟಿಕೊಂಡು ಕೂರಲಿಲ್ಲ. 1914ರಲ್ಲಿ ಹವ್ಯಾಸಿ ರೇಡಿಯೊ ಮಂದಿಯ ಸಂಘ ಕಟ್ಟಿದ. ನಮ್ಮ ಹ್ಯಾಮ್ ರೇಡಿಯೊ ಗೆಳೆಯರು ಅವನನ್ನು ಬಲ್ಲದ್ದು ಹೀಗೆ. ಅವನ ಕಂಪನಿ ಎಂಜಿನ್ನುಗಳ ಹೊಗೆಕೊಳವೆಯ ಸದ್ದಡಗಿಸುವ ಕೆಲಸಕ್ಕೆ ತಿರುಗಿತು. ಕಾನೂನು ಬಂದ ಎರಡೇ ವರ್ಷಕ್ಕೆ, 1936ರಲ್ಲಿ, ಅವನು ತೀರಿಕೊಂಡ.

ಬೆಲೆಯೇರಿಕೆಗೆ ತಕ್ಕಂತೆ ಬದಲಾಗದೆ ನಿಂತಿದ್ದ 200 ಡಾಲರ್, 2025ರ ಜುಲೈ 4ರಂದು ಸಹಿಯಾದ ಕಾಯ್ದೆಯಿಂದ, 2026ರ ಜನವರಿ 1ರಿಂದ ಸೈಲೆನ್ಸರಿಗೂ ಮೋಟು ನಳಿಗೆಗಳಿಗೂ ಸೊನ್ನೆಯಾಗಿದೆ. ನೋಂದಣಿ, ಬೆರಳಚ್ಚು, ವಿಚಾರಣೆ ಉಳಿದಿವೆ. ತೆರಿಗೆಯ ಬಲದ ಮೇಲೆ ನಿಂತ ಕಾನೂನಿನಲ್ಲಿ ತೆರಿಗೆಯೇ ಇಲ್ಲವಾದ ಮೇಲೆ ನೋಂದಣಿ ಏತಕ್ಕೆ ಎಂಬ ವ್ಯಾಜ್ಯ ಕೋರ್ಟು ಹತ್ತಿದೆ. ನನಗೆ ಕಾಣುವಂತೆ ಪ್ರಶ್ನೆ ನ್ಯಾಯವಾದದ್ದೇ. ಕಾರಣ ಹೇಳದೆ ಮಾಡಿದ ಕಾನೂನು ಎಂದಾದರೊಂದು ದಿನ ಕಾರಣ ಹೇಳಬೇಕಾಗುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಕೇಂದ್ರ ಕಾನೂನಿನ ಕಣ್ಣಿಗೆ ಬರಿಯ ಸೈಲೆನ್ಸರೂ ಬಂದೂಕೇ. ಎಚ್‌-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಗ್ರೀನ್ ಕಾರ್ಡ್ ಇದ್ದು ಕ್ರಮವಾಗಿ ಕೊಂಡವರೂ ಅದನ್ನು ಊರಿಗೆ ತರುವ ಯೋಚನೆ ಬಿಡಬೇಕು. ಭಾರತದ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸದ್ದಡಗಿಸುವ ಸಾಧನ ನಿಷೇಧಿತ ವರ್ಗಕ್ಕೆ ಸೇರಿದೆ.