ಮ್ಯಾಲಿನ ಮಣ್ಣು, ಕೆಳಗಿನ ಕಲ್ಲು

ಶಹಾಬಾದಿನ ಹಳೆಯ ಖಣಿಯೊಂದರ ಅಂಚಿಗೆ ನಿಂತರೆ ಈ ಸೀಮೆಯ ಚರಿತ್ರೆಯೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಎಲ್ಲಕ್ಕೂ ಮೇಲೆ ಮೊಳದುದ್ದ ಎರೆಮಣ್ಣು, ಅದರಲ್ಲಿ ಹೂ ಬಿಟ್ಟ ತೊಗರಿ. ಅದರ ಬುಡದಿಂದಲೇ ಕಲ್ಲು ಶುರು. ಬೂದಿ ಬಣ್ಣದ್ದು, ತಿಳಿನೀಲಿಯದು, ಅಲ್ಲಲ್ಲಿ ನಸುಗೆಂಪಿನದು. ಮದುವೆ ಮನೆಯಲ್ಲಿ ಒಂದರ ಮೇಲೊಂದು ಒಟ್ಟಿದ ಖಡಕ್ ರೊಟ್ಟಿಯ ಹಾಗೆ ಪದರು ಪದರು. ತಲೆಗೆ ಟವಲು ಸುತ್ತಿದ ಕೂಲಿಯವರು ಪದರಿನ ಸಂದಿಗೆ ಉಳಿ ಕೊಟ್ಟು ಸುತ್ತಿಗೆಯಿಂದ ತಟ್ಟುತ್ತ ಹೋಗುತ್ತಾರೆ. ಹಾರೆ ಹಾಕಿ ಮೀಟಿದರೆ ಹಾಸುಗಲ್ಲು ಎದ್ದು ಬರುತ್ತದೆ. ಅದೇ ಫರಸಿ. ಕಲಬುರಗಿಯಿಂದ ಪುಣೆಯವರೆಗೆ ಎಷ್ಟು ಮನೆಗಳ ಪಡಸಾಲೆ, ಎಷ್ಟು ಶಾಲೆಗಳ ವರಾಂಡ, ಎಷ್ಟು ರೈಲು ನಿಲ್ದಾಣಗಳ ನೆಲ ಈ ಕಲ್ಲಿನ ಮೇಲೆ ನಿಂತಿವೆಯೋ ಲೆಕ್ಕವಿಲ್ಲ.

ಖಣಿಯ ಪಕ್ಕದ ಹೊಲದವರನ್ನು ಮಾತಿಗೆಳೆದರೆ ಹಲವರ ಬಾಯಲ್ಲಿ ಬರುವುದು ಒಂದೇ ಮಾತು: "ಮ್ಯಾಲಿನ ಮಣ್ಣ ನಮ್ದ್ರಿ, ಕೆಳಗಿನ ಕಲ್ಲ ಸರ್ಕಾರದ್ದು." ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಉದ್ದಕ್ಕೂ ಭೂಮಿಯ ಕಥೆ ಈ ಮಾತಿನ ಎರಡು ತುದಿಗಳ ನಡುವೆಯೇ ಇದೆ.

ಈ ಕಲ್ಲಿಗೆ ಬೆಲೆ ಬಂದದ್ದು ಇಂದು ನಿನ್ನೆಯಲ್ಲ. ಭೀಮೆಯ ದಂಡೆಯ ಸನ್ನತಿಯ ಹತ್ತಿರ, ಕನಗನಹಳ್ಳಿಯ ಬೌದ್ಧಸ್ತೂಪಕ್ಕೆ ಹೊದಿಸಿದ್ದು ಇದೇ ಸುಣ್ಣಕಲ್ಲಿನ ಫಲಕ. ಅಶೋಕ ರಾಣಿಯ ಸಮೇತ ನಿಂತ ಶಿಲ್ಪ, ಪಕ್ಕದಲ್ಲಿ ಬ್ರಾಹ್ಮಿಯಲ್ಲಿ ಅವನ ಹೆಸರು, ಎರಡೂ ಮೂಡಿದ್ದು ಇದೇ ಕಲ್ಲಿನಲ್ಲಿ. ಆದರೆ ಭೂಮಿಯ ಹಂಚಿಕೆಯನ್ನು ತಿಳಿಯಬೇಕಾದರೆ ಚಿತ್ತಾಪುರದ ಊರಾಚೆ ಇರುವ ನಾಗಾವಿಗೆ ಹೋಗಬೇಕು. ಅಲ್ಲಿ ಅರವತ್ತು ಕಂಬದ ಗುಡಿಯಿದೆ, ಯಲ್ಲಮ್ಮನ ಗುಡಿಯಿದೆ, ಮುಳ್ಳುಕಂಟಿಯ ನಡುವೆ ಒರಗಿದ ಕಲ್ಲುಗಳಿವೆ. ಕಲ್ಯಾಣದ ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ಇದೊಂದು ಘಟಿಕಾಸ್ಥಾನ, ದೊಡ್ಡ ವಿದ್ಯಾಪೀಠ. 1058ರ ಶಾಸನ ಇಲ್ಲಿನ ವ್ಯವಸ್ಥೆಯನ್ನು ಬಿಡಿಸಿ ಹೇಳುತ್ತದೆ. ವೇದ, ಶಾಸ್ತ್ರ ಓದುವ ಸುಮಾರು 250 ವಿದ್ಯಾರ್ಥಿಗಳು, ಕಲಿಸುವ ಗುರುಗಳು, ಪುಸ್ತಕ ಕಾಯಲು ಆರು ಜನ ಸರಸ್ವತೀ ಭಂಡಾರಿಗಳು. ಇವರ ಜೀವನ ನಡೆಯುವುದು ಭೂಮಿಯಿಂದ. ಯಾರಿಗೆ ಎಷ್ಟು ಮತ್ತರು ಹೊಲ ಎಂಬುದು ಕಲ್ಲಿನಲ್ಲಿ ಕೊರೆದಿದೆ. ಗ್ರಂಥಪಾಲಕನ ಸಂಬಳವನ್ನು ಹೊಲದ ಅಳತೆಯಲ್ಲಿ ಬರೆದಿಟ್ಟ ಊರು ಬೇರೆಲ್ಲಿದ್ದೀತು! ಇನ್ನೂ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಆ ಭೂಮಿಯ ಕಾಗದ ಯಾರ ಕಪಾಟಿನಲ್ಲೂ ಇರಲಿಲ್ಲ. ಬಂದವರು ಹೋದವರು ನೋಡುವ ಜಾಗದಲ್ಲಿ, ಬಯಲಿನಲ್ಲಿ ನಿಂತಿತ್ತು.

ಚಿತ್ತಾಪುರದಿಂದ ಮೂಡಣಕ್ಕೆ ರೈಲು ಹಿಡಿದರೆ ಮಳಖೇಡ ರೋಡ್ ನಿಲ್ದಾಣ. ಕಾಗಿಣಾ ಹೊಳೆಯ ದಂಡೆಯ ಮಳಖೇಡ ಹಿಂದೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅರಬ ವ್ಯಾಪಾರಿ ಸುಲೈಮಾನ ಒಂಬತ್ತನೆಯ ಶತಮಾನದ ನಡುವೆ ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸಿದ್ದು ಇಲ್ಲಿನ ವಲ್ಲಭನನ್ನೇ. 972ರಲ್ಲಿ ಪರಮಾರ ಸೀಯಕ ಬಂದು ಊರನ್ನು ಸೂರೆ ಹೊಡೆದ. ಈಗ ಕೋಟೆಯ ಗೋಡೆಗೆ ಆನಿಸಿ ಮನೆಗಳು, ಹೊಳೆಯ ದಡದಲ್ಲಿ ಜಯತೀರ್ಥರ ವೃಂದಾವನ, ನೇಮಿನಾಥ ಬಸದಿ, ಅದರಾಚೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಗಾಳಿ ತಿರುಗಿದ ದಿನ ತೊಗರಿ ಎಲೆಯ ಮೇಲೆ ಬಿಳಿ ಧೂಳು ಕೂರುತ್ತದೆ.

ನಿಜಾಮರ ಕಾಲಕ್ಕೆ ಬಂದರೆ ಭೂಮಿಯನ್ನು ಕೂಗಿ ಮಾರುವ ಪದ್ಧತಿಯ ಮೊದಲ ಮುಖ ಕಾಣುತ್ತದೆ. 1853ರಲ್ಲಿ ಸಾಲಾರ್ ಜಂಗ್ ದಿವಾನನಾಗುವ ಮುಂಚೆ ತಾಲ್ಲೂಕಿನ ಕಂದಾಯ ಎತ್ತುವ ಹಕ್ಕನ್ನೇ ಹೆಚ್ಚು ಹಣ ಒಪ್ಪಿಕೊಂಡವನಿಗೆ ಗುತ್ತಿಗೆ ಕೊಡುತ್ತಿದ್ದರು. ಗುತ್ತಿಗೆದಾರ ಹೈದರಾಬಾದಿನ ಸಾಹುಕಾರನಾಗಿರಬಹುದು, ಅರಬ ಜಮಾದಾರನೂ ಆಗಿರಬಹುದು. ಹಣ ಕಟ್ಟಿದವನು ಅದರ ಮೇಲೊಂದು ಪಾಲು ಎತ್ತಬೇಕು. ಎತ್ತುವುದು ಒಕ್ಕಲಿಗನ ಕಣದಿಂದ. 1865ರ ಜಿಲಾಬಂದಿ ಈ ಗುತ್ತಿಗೆಗಳನ್ನು ತೆಗೆದು ಜಿಲ್ಲೆ, ತಾಲ್ಲೂಕು, ಸಂಬಳದ ಅಧಿಕಾರಿಗಳನ್ನು ತಂದಿತು. ಆಮೇಲೆ ಅಳತೆ ಬಂತು, ಸರ್ವೆ ನಂಬರು ಬಂತು, ಸೇತ್ವಾರ್ ಎಂಬ ಉರ್ದು ದಫ್ತರ ಬಂತು. ಇಲ್ಲಿನ ಮನೆತನಗಳ ಹೆಸರಿನ ಜೊತೆ ಇಂದಿಗೂ ಇರುವ ಮಾಲಿಪಾಟೀಲ, ಪೊಲೀಸ್‌ಪಾಟೀಲ, ಕುಲಕರ್ಣಿ, ದೇಶಮುಖ ಎಲ್ಲವೂ ಆ ಆಡಳಿತದ ಹುದ್ದೆಗಳೇ.

1871ರಲ್ಲಿ ಮುಂಬಯಿ–ರಾಯಚೂರು ರೈಲು ಹಳಿ ಈ ಸೀಮೆಯನ್ನು ದಾಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ವಾಡಿ ಎಂಬ ಸಣ್ಣ ಊರು ಜಂಕ್ಷನ್ ಆಯಿತು. ನಡುರಾತ್ರಿಯಲ್ಲಿ ಇಳಿದು ಮುಂದಿನ ಗಾಡಿಗೆ ಕಾಯುತ್ತ, ಫರಸಿಯ ಮೇಲೆ ಚಾದರ ಹಾಸಿ ಮಲಗುವ ಕುಟುಂಬಗಳನ್ನು ಅಲ್ಲಿ ಇಂದಿಗೂ ಕಾಣಬಹುದು. ಹಳಿ ಬಂದದ್ದೇ ಕಲ್ಲಿಗೆ ಕಾಲು ಬಂತು, ಪರದೇಶದ ಕಣ್ಣೂ ಬಿತ್ತು. 1886ರಲ್ಲಿ ನಿಜಾಮ ಸರ್ಕಾರ ಸಂಸ್ಥಾನದ ಗಣಿಗಾರಿಕೆಯ ಹಕ್ಕನ್ನು ಇಬ್ಬರು ಇಂಗ್ಲಿಷರಿಗೆ ಬರೆದುಕೊಟ್ಟಿತು. ಅವರು ಲಂಡನ್ನಿನಲ್ಲಿ ಹೈದರಾಬಾದ್ ಡೆಕ್ಕನ್ ಮೈನಿಂಗ್ ಕಂಪನಿ ಕಟ್ಟಿ ಷೇರು ಮಾರಿದರು. ದಖ್ಖನಿನ ಮಣ್ಣನ್ನು ಎಂದೂ ಮುಟ್ಟದವರು ಅದರ ತಳವನ್ನು ಪೌಂಡುಗಳಲ್ಲಿ ಕೊಂಡರು, ಮಾರಿದರು. ವ್ಯವಹಾರ ಎಷ್ಟು ಕೆಟ್ಟು ನಾರಿತೆಂದರೆ 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯೇ ವಿಚಾರಣೆಗೆ ಕೂತಿತು. ಸಂಸ್ಥಾನದ ಅಧಿಕಾರಿ ಅಬ್ದುಲ್ ಹಕ್ ಎಂಬಾತ ಹುದ್ದೆ ಕಳೆದುಕೊಂಡ. ರೈತನ ಮಾತು ಆ ವಿಚಾರಣೆಯ ಹತ್ತಿರಕ್ಕೂ ಬರಲಿಲ್ಲ.

ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದ್ ಸಿಮೆಂಟ್ ಕಂಪನಿಯೂ ಅದರಲ್ಲಿ ಸೇರಿತು. ಆಮೇಲೆ ವಾಡಿಯಲ್ಲಿ, ಮಳಖೇಡದಲ್ಲಿ, ಸೇಡಂನಲ್ಲಿ ಸಾಲುಸಾಲಾಗಿ ಚಿಮಣಿಗಳು ಬಂದವು.

ನಡುವೆ 1948ರ ಸೆಪ್ಟೆಂಬರ್ ಬಂತು. ಪೊಲೀಸ್ ಕಾರ್ಯಾಚರಣೆ, ಸಂಸ್ಥಾನದ ಅಂತ್ಯ. 1949ರ ಆಗಸ್ಟ್‌ನಲ್ಲಿ ಜಾಗೀರುಗಳ ರದ್ದತಿ. ಆ ಕಾನೂನಿನ ಹೆಸರಿನಲ್ಲಿ ಈಗಲೂ ಸಂಸ್ಥಾನದ ಕಂದಾಯ ವರ್ಷ, 1358 ಫಸಲಿ ಎಂದೇ ಇದೆ. ಮರುವರ್ಷದ ಗೇಣಿ ಕಾಯ್ದೆ ಉಳುವವನಿಗೆ ರಕ್ಷಿತ ಗೇಣಿದಾರನೆಂಬ ಹೆಸರು ಕೊಟ್ಟಿತು. ಸೇಡಂ, ಚಿತ್ತಾಪುರದ ಹಳೆಯ ವ್ಯಾಜ್ಯಗಳಲ್ಲಿ ಇಂದಿಗೂ ಉರ್ದು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಜನ ಹೋಗುವುದು ಆ ಕಾಲದ ಜಾಗೀರು, ಗೇಣಿಯ ಕಾಗದಗಳಿಗಾಗಿ. ಹಾಳೆ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಅದರ ಒಂದು ಸಾಲಿನ ಮೇಲೆ ಮೂರು ತಲೆಮಾರಿನ ಹೊಲ ನಿಂತಿರುತ್ತದೆ.

ದೇಶ ಬಿಟ್ಟು ಹೋದವರ ಆಸ್ತಿಯ ಕಥೆಯೂ ಆ ಕಾಲದ್ದೇ. ಪಾಕಿಸ್ತಾನಕ್ಕೆ ಹೋದವರ ಮನೆ, ಹೊಲಗಳು 1950ರ ಕಾನೂನಿನಡಿ ಸರ್ಕಾರಿ ಪಾಲಕನ ಕೈಗೆ ಬಂದವು. 1954ರ ಮತ್ತೊಂದು ಕಾನೂನಿನಡಿ ಅಂಥ ಬಹಳಷ್ಟು ಆಸ್ತಿ ಹರಾಜಾಯಿತು. ಯುದ್ಧಗಳ ತರುವಾಯ 1968ರಲ್ಲಿ ಶತ್ರು ಸ್ವತ್ತು ಕಾಯ್ದೆ ಬಂತು. ಪರದೇಶದ ಪ್ರಜೆಗಳಾದವರು ಇಲ್ಲಿ ಬಿಟ್ಟುಹೋದ ಆ ಸ್ವತ್ತುಗಳನ್ನು ಈಗ ಕೇಂದ್ರ ಸರ್ಕಾರ ಮಾರುತ್ತಿದೆ. 2023ರಲ್ಲಿ ಹೊರಬಂದ ಲೆಕ್ಕದಂತೆ ದೇಶದಲ್ಲಿ ಅಂಥವು 12,611, ಕರ್ನಾಟಕದಲ್ಲಿ 24. ಆ ಮಾರಾಟದ ನಿಯಮದಲ್ಲಿ ಒಂದು ಮಾತು ನನಗೆ ಬಹಳ ಮುಖ್ಯವಾಗಿ ಕಂಡಿದೆ. ಗೊತ್ತುಪಡಿಸಿದ ಮಿತಿಗಿಂತ ಕಡಿಮೆ ಬೆಲೆಯ ಆಸ್ತಿಯಾದರೆ, ಅದರಲ್ಲಿ ವಾಸವಿರುವವರನ್ನು ಪಾಲಕ ಮೊದಲು ಕೇಳಬೇಕು: ನೀವು ಕೊಳ್ಳುತ್ತೀರಾ ಎಂದು. ಅವರು ಒಲ್ಲೆ ಎಂದ ಮೇಲಷ್ಟೇ ಬೇರೆಯವರಿಗೆ. ಶತ್ರುವೆಂದು ಹೆಸರಿಟ್ಟ ಸ್ವತ್ತಿನಲ್ಲೂ ಅಲ್ಲಿ ಬದುಕುತ್ತಿರುವವನಿಗೆ ಮೊದಲ ಮಣೆ ಸಿಕ್ಕಿದೆ.

ಸುಣ್ಣಕಲ್ಲಿನ ಹರಾಜಿನಲ್ಲಿ ಈ ಮಣೆ ಇಲ್ಲ. 2015ರ ಜನವರಿಯಲ್ಲಿ ಗಣಿ ಕಾಯ್ದೆ ತಿದ್ದುಪಡಿಯಾದ ಮೇಲೆ ಸುಣ್ಣಕಲ್ಲಿನ ಬ್ಲಾಕುಗಳು ಹರಾಜಿನಲ್ಲೇ ಹೋಗಬೇಕು. ಹರಾಜೆಂದರೆ ಈಗ ಡಂಗುರವಿಲ್ಲ, ಬಡಿಗೆಯಿಲ್ಲ, ಒಂದು ಬಾರಿ ಎರಡು ಬಾರಿ ಎಂಬ ಕೂಗೂ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೇ. ತೆಗೆದ ಕಲ್ಲಿನ ಬೆಲೆಯಲ್ಲಿ ಶೇಕಡಾ ಎಷ್ಟು ಸರ್ಕಾರಕ್ಕೆ ಕೊಡುತ್ತೀರಿ ಎಂಬುದರ ಮೇಲೆ ಕಂಪನಿಗಳು ಸವಾಲು ಏರಿಸುತ್ತ ಹೋಗುತ್ತವೆ. ಗೆದ್ದವರಿಗೆ 50 ವರ್ಷದ ಗುತ್ತಿಗೆ. ಟನ್ನಿಗೆ 80 ರೂಪಾಯಿ ರಾಜಧನ ಬೇರೆ. ಅದರ ಹತ್ತನೆಯ ಒಂದು ಪಾಲಿನಷ್ಟು ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ. 2015ರ ಮುಂಚಿನ ಗುತ್ತಿಗೆಯಾದರೆ ನೂರಕ್ಕೆ ಮೂವತ್ತು. ಇಷ್ಟೆಲ್ಲ ಮುಗಿದ ಮೇಲೆ ಹೊಲದವನ ಬಾಗಿಲಿಗೆ ಜನ ಬರುತ್ತಾರೆ. ಅವನಿಗೆ ಸಿಗುವುದು ಮ್ಯಾಲಿನ ಮಣ್ಣಿನ ಬೆಲೆ, ಅದೂ ತೊಗರಿ ಬೆಳೆವ ಹೊಲದ ದರದಲ್ಲಿ.

ಕೆಳಗಿನ ಕಲ್ಲಾದರೋ ಸಮುದ್ರ ದಾಟಿ ಬಂದಿದೆ. 2005ರಲ್ಲಿ ಸ್ವಿಟ್ಜರ್ಲೆಂಡಿನ ಹೋಲ್ಸಿಮ್ ಎಸಿಸಿಯೊಳಗೆ ಕಾಲಿಟ್ಟಿತು. ಹದಿನೇಳು ವರ್ಷ ವಾಡಿಯ ಗಣಿಯ ಲಾಭನಷ್ಟವನ್ನು ಆಲ್ಪ್ಸ್ ತಪ್ಪಲಿನ ಕಚೇರಿ ನೋಡಿಕೊಂಡಿತು. 2022ರಲ್ಲಿ ಅಂಬುಜಾ, ಎಸಿಸಿ ಎರಡರ ಪಾಲನ್ನೂ ಹೋಲ್ಸಿಮ್ ಸುಮಾರು 640 ಕೋಟಿ ಡಾಲರಿಗೆ ಅದಾನಿ ಗುಂಪಿಗೆ ಮಾರಿತು. ವಾಡಿಯಲ್ಲಿ ಅಂದು ಬೆಳಿಗ್ಗೆಯೂ ಪಾಳಿಯ ಭೋಂಗಾ ಕೂಗಿತು, ಟಿಪ್ಪರುಗಳು ಎಂದಿನಂತೆ ಓಡಿದವು. ಒಡೆಯ ಬದಲಾದದ್ದು ಕೂಲಿಯವರಿಗೆ ಪೇಪರಿನಲ್ಲಿ ಗೊತ್ತಾಯಿತು.

ರೈಲು ಮುಟ್ಟದ ಚಿಂಚೋಳಿಯ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಜಂಬಿಟ್ಟಿಗೆ, ಕುರುಚಲು ಗುಡ್ಡ, ಚಂದ್ರಂಪಳ್ಳಿಯ ನೀರು, ಗುಡ್ಡದ ಮಗ್ಗುಲಲ್ಲಿ ಲಂಬಾಣಿ ತಾಂಡಾಗಳು. 2011ರಲ್ಲಿ ಇಲ್ಲಿನ 134.88 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಅದರ ಗಡಿಯಾಚೆಯ ಹಳ್ಳಿಗಳಲ್ಲಿ ಮತ್ತೆ ಅದೇ ಸುಣ್ಣಕಲ್ಲು, ಮತ್ತೆ ಕಾರ್ಖಾನೆ, ಮತ್ತೆ ಲಾರಿ ಸಾಲು.

ಕಾರ್ಖಾನೆಗಳ ಸ್ವಂತ ಬಳಕೆಗೆಂದು ಕೊಟ್ಟ ಹಳೆಯ ಗುತ್ತಿಗೆಗಳ ಪೈಕಿ ಅನೇಕವಕ್ಕೆ ಕಾನೂನು 2030ರ ಮಾರ್ಚ್ 31ರವರೆಗೆ ಅವಧಿ ಕೊಟ್ಟಿದೆ. ಆಮೇಲೆ ಅವೂ ಹರಾಜಿಗೆ. ಅಂದರೆ ಈ ಐದೂ ಊರುಗಳ ಸುತ್ತ ದೊಡ್ಡ ಹರಾಜುಗಳು ಇನ್ನು ಬರಲಿವೆ. ಅದಕ್ಕೆ ಮುಂಚೆ ಎರಡು ಕೆಲಸ ಆಗಬೇಕು. ಹರಾಜಿನ ಪ್ರಕಟಣೆ ಸರ್ವೆ ನಂಬರಿನ ಸಮೇತ, ಕನ್ನಡದಲ್ಲಿ, ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಬರಲಿ. ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ಸಾಧ್ಯವಾದದ್ದು ಈಗ ಕಷ್ಟವೇನಲ್ಲ. ಸವಾಲು ಶುರುವಾಗುವ ಮೊದಲೇ ಹೊಲದವರನ್ನು ಕೂರಿಸಿ ಕೇಳಲಿ: ಕೊಡುತ್ತೀರಾ, ಎಷ್ಟಕ್ಕೆ ಕೊಡುತ್ತೀರಿ, ಕೆಳಗಿನ ಕಲ್ಲಿನಲ್ಲಿ ನಿಮಗೆ ಟನ್ನಿಗೆ ಎಷ್ಟು ಪಾಲು ಬೇಕು?